ಅಮಾಸಿಗೊಮ್ಮೆ ಹಗ್ಗ ಎಳೀರಿ: ಮನೆಯ ಜನರೇಟರ್ ಓಡಿಸುವುದು, ಜೋಪಾನ ಮಾಡುವುದು, ಗ್ಯಾಸಿಗೆ ಬದಲಿಸುವುದು

ಏಪ್ರಿಲ್ ಮುಗಿಯುತ್ತಿದ್ದಂತೆ ವಿಜಯಪುರದಲ್ಲಿ ಸಂಜೆ ನಾಲ್ಕರ ಮೇಲೆ ಒಂದು ಗಾಳಿ ಏಳುತ್ತದೆ. ಮೊದಲು ಧೂಳು, ಆಮೇಲೆ ನಾಲ್ಕು ದಪ್ಪ ಹನಿ, ಅದರ ಬೆನ್ನಿಗೇ ಓಣಿಯಲ್ಲಿ ಯಾರದೋ ದನಿ: "ಲೈಟ್ ಹೋದ್ವು!" ನಮ್ಮ ಜಿಲ್ಲೆಯ ಕೂಡಗಿಯಲ್ಲೇ 2,400 ಮೆಗಾವ್ಯಾಟ್‌ನ ಸ್ಥಾವರವಿದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್ ಇದೆ. ಬೇವಿನ ಟೊಂಗೆಯೊಂದು ತಂತಿಯ ಮೇಲೆ ಬಿತ್ತೆಂದರೆ ಎರಡೂ ನಮ್ಮ ಫ್ರಿಜ್ಜಿನ ಪಾಲಿಗೆ ಇಲ್ಲ.

ನಾವು ಮೊದಲ ಪೆಟ್ರೋಲ್ ಜನರೇಟರ್ ತಂದದ್ದು ಇಂಥ ರಾತ್ರಿಗಳಿಗೆಂದೇ. ಎಂಟು ತಿಂಗಳು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಮನೆಯಲ್ಲಿ ನಿಶ್ಚಿತಾರ್ಥದ ಹಿಂದಿನ ರಾತ್ರಿ ಲೈಟ್ ಹೋದಾಗ ಹಗ್ಗ ಎಳೆದು ಎಳೆದು ನನ್ನ ರಟ್ಟೆ ಬಿದ್ದುಹೋಯಿತೇ ಹೊರತು ಅದು ಕೆಮ್ಮಲೂ ಇಲ್ಲ. ಮರುದಿನ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ, ಒಳಗೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾದ ಅಂಟು ತೋರಿಸಿ ಹೇಳಿದ: "ಮಶೀನ್ ಕೆಟ್ಟಿಲ್ರೀ, ಪೆಟ್ರೋಲ್ ಕೆಟ್ಟೈತಿ."

ಈ ಇಡೀ ಬರಹ ಆ ಒಂದು ಮಾತಿನ ಮೇಲೆ ನಿಂತಿದೆ. ಮನೆಯ ಜನರೇಟರ್ ವರ್ಷಕ್ಕೆ 40 ತಾಸು ಓಡಿದರೆ ಹೆಚ್ಚು. ಉಳಿದ 8,720 ತಾಸು ಸುಮ್ಮನೆ ಕೂತಿರುತ್ತದೆ. ಅದು ಹಾಳಾಗುವುದು ಈ ಕೂತ ತಾಸುಗಳಲ್ಲಿ. ಗ್ಯಾಸಿಗೆ ಬದಲಿಸಿ ಎಂದು ನಾನು ಹೇಳುವುದು ಹಣ ಉಳಿಯುತ್ತದೆಂದಲ್ಲ. ಸಿಲಿಂಡರಿನೊಳಗಿನ ಗ್ಯಾಸ್ ಹಳಸುವುದಿಲ್ಲ, ಅಷ್ಟೇ.

ಎಷ್ಟು ದೊಡ್ಡದು ಬೇಕು

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತಗೊಂಡು ಲೆಕ್ಕ ಬರೆಯಿರಿ. ಸಾಧಾರಣ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನಾದರೆ ಸುಮಾರು 30. ಎಲ್‌ಇಡಿ ಬಲ್ಬ್ 9. ಟಿವಿ, ವೈಫೈ ಸೇರಿ 100. ಫ್ರಿಜ್ ಓಡುವಾಗ 150ರ ಆಸುಪಾಸು. ಮೂರು ಫ್ಯಾನ್, ಎಂಟು ಬಲ್ಬ್, ಟಿವಿ, ಫ್ರಿಜ್ ಕೂಡಿಸಿದರೆ 550 ವ್ಯಾಟ್‌ಗಿಂತ ಚೂರು ಕಡಿಮೆ. ಇನ್ವರ್ಟರ್ ಇದ್ದರೆ ಅದರ ಬ್ಯಾಟರಿ ಚಾರ್ಜಿಗೆ ಇನ್ನೊಂದು 250–300 ಸೇರಿಸಿ. ಇದನ್ನು ಬಹಳ ಜನ ಮರೆಯುತ್ತಾರೆ.

ಗೊತ್ತಿರಬೇಕಾದ ಇನ್ನೊಂದು ಮಾತು: ಮೋಟಾರ್ ಇರುವ ಸಾಮಾನುಗಳು ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತವೆ. 1 ಎಚ್‌ಪಿ ಎಂದರೆ 746 ವ್ಯಾಟ್, ಆದರೆ 1 ಎಚ್‌ಪಿ ನೀರಿನ ಮೋಟಾರ್ ಓಡುವಾಗಲೇ ಸುಮಾರು 1,000 ವ್ಯಾಟ್ ತಗೊಳ್ಳುತ್ತದೆ. ಶುರುವಾಗುವಾಗ ಅದನ್ನು ಸಣ್ಣ ಜನರೇಟರ್ ಎತ್ತಲಾರದು. ಅದಕ್ಕೆ 4–5 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ಬೇಕು. ತೋಟದ 5 ಎಚ್‌ಪಿ ಬೋರಿಗೆ 15 ಕೆವಿಎ ಡೀಸೆಲ್ ಸೆಟ್ಟೋ ಟ್ರ್ಯಾಕ್ಟರಿಗೆ ಕೂಡಿಸುವ ಆಲ್ಟರ್ನೇಟರೋ ಆಗಬೇಕು. ಅದರ ಕಥೆಯೇ ಬೇರೆ, ಇಲ್ಲಿ ಬೇಡ. ಗೀಸರ್, ಇಂಡಕ್ಷನ್ ಒಲೆ ಇವುಗಳ ಆಸೆ ಬಿಡಿ.

ಈಗ ಕಳೆಯುವ ಲೆಕ್ಕ. ಜನರೇಟರಿನ ಫಲಕದಲ್ಲಿ 2.1 ಕೆವಿಎ ಎಂದಿದ್ದರೆ 0.8ರಿಂದ ಗುಣಿಸಿ: 1.68 ಕಿಲೋವ್ಯಾಟ್. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಂತೆ ಸಣ್ಣ ಎಂಜಿನಿನ ಶಕ್ತಿ ಸುಮಾರು ಶೇ. 3.5 ಇಳಿಯುತ್ತದೆ. ವಿಜಯಪುರ ಹತ್ತಿರ ಹತ್ತಿರ 600 ಮೀಟರ್, ಬೆಳಗಾವಿ 750. ಅಲ್ಲಿಗೆ ಶೇ. 7–9 ಹೋಯಿತು. ನಮ್ಮ 40 ಡಿಗ್ರಿ ಬಿಸಿಲಿಗೆ ಇನ್ನಷ್ಟು. ಗ್ಯಾಸಿನ ಮೇಲೆ ಓಡಿಸಿದರೆ ಪೆಟ್ರೋಲಿಗಿಂತ ಶೇ. 10 ಕಡಿಮೆ. ಕೊನೆಗೆ ಕೈಗೆ ಸಿಗುವುದು 1.35 ಕಿಲೋವ್ಯಾಟ್. ಅದರ ಮುಕ್ಕಾಲು ಭಾಗದ ಮೇಲೆ ದಿನವಿಡೀ ಹೇರಬಾರದು ಎಂದರೆ ನಿಮ್ಮ ಪಾಲಿಗೆ 1 ಕಿಲೋವ್ಯಾಟ್. ಮೇಲೆ ಹೇಳಿದ ಮನೆಗೆ ಅಷ್ಟು ಸಾಕು.

ಎಲ್ಲಿಡಬೇಕು

ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಕಣ್ಣು ಎಳೆಯುವುದು. ನಮ್ಮವರು "ಪಿತ್ತ ಆಗೇತಿ" ಎಂದು ಮಲಗಿಬಿಡುತ್ತಾರೆ, ಮಲಗಿದವರು ಏಳುವುದಿಲ್ಲ. ಗ್ಯಾಸಿನ ಮೇಲೆ ಓಡಿಸಿದರೂ ಈ ವಿಷ ಬರುತ್ತದೆ.

ಆದ್ದರಿಂದ ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್, ಎಂದರೆ 20 ಅಡಿ ದೂರ, ಬಯಲಿನಲ್ಲಿ. ಹೊಗೆಯ ಕೊಳವೆ ಕಿಟಕಿ ಬಾಗಿಲಿಗೆ ಬೆನ್ನು ಮಾಡಿರಲಿ. ಪಡಸಾಲೆ, ಜಿನೆಯ ಕೆಳಗೆ, ಶಟರ್ ಅರ್ಧ ಎತ್ತಿದ ಗ್ಯಾರೇಜ್, ಇವೊಂದೂ ಬಯಲಲ್ಲ. ಹಳೆಯ ವಾಡೆಯ ನಡುವಿನ ಅಂಗಳವೂ ಅಲ್ಲ: ಮೇಲೆ ಆಕಾಶ ಕಂಡರೂ ಹೊಗೆ ಸುತ್ತಲಿನ ಕೋಣೆಗಳಿಗೇ ನುಗ್ಗುತ್ತದೆ. ಮಳೆಗೆ ನಾಲ್ಕು ಕಂಬದ ತಗಡಿನ ಚಪ್ಪರ ಸಾಕು, ಗೋಡೆ ಬೇಡ. ಮಲಗುವ ಕೋಣೆಯಲ್ಲಿ ಬ್ಯಾಟರಿಯ ಸಿಒ (ಕಾರ್ಬನ್ ಮೊನಾಕ್ಸೈಡ್) ಅಲಾರ್ಮ್ ಒಂದಿರಲಿ. ಜಾಗ ಸಿಗದವರು ಜನರೇಟರ್ ಬಿಟ್ಟು ದೊಡ್ಡ ಬ್ಯಾಟರಿಯ ಇನ್ವರ್ಟರ್ ಕೊಳ್ಳಿ. ಇದರಲ್ಲಿ ನನ್ನದು ಚೌಕಾಸಿಯಿಲ್ಲ.

ಸದ್ದಿನ ವಿಷಯವೂ ಇದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಬಯಲಲ್ಲಿಟ್ಟ ಸಣ್ಣ ಸೆಟ್ಟಿನ ಆರ್ಭಟ ಅದನ್ನು ಎಂದೋ ದಾಟುತ್ತದೆ. ನಾವು ಹತ್ತರೊಳಗೆ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳುತ್ತೇವೆ, ರಾತ್ರಿ ಫ್ಯಾನಿನ ಭಾರ ಇನ್ವರ್ಟರಿಗೆ. ಓಣಿಯವರ ಜೊತೆ ಮಾತೂ ಉಳಿಯುತ್ತದೆ.

ಮನೆಯ ವೈರಿಂಗಿಗೆ ಕೂಡಿಸುವುದು

ಎರಡೂ ತುದಿಗೆ ಪ್ಲಗ್ ಇರುವ ವೈರು ಮಾಡಿಸಿ, ಗೋಡೆಯ ಸಾಕೆಟ್ಟಿಗೆ ಜನರೇಟರ್ ಚುಚ್ಚುವವರನ್ನು ನೋಡಿದ್ದೇನೆ. ಆ ಕರೆಂಟ್ ಮೀಟರ್ ದಾಟಿ ಹಿಂದಕ್ಕೆ ಓಣಿಯ ಟ್ರಾನ್ಸ್‌ಫಾರ್ಮರಿಗೆ ಹೋದರೆ, ಅಲ್ಲಿ 11,000 ವೋಲ್ಟ್ ಆಗಿ ಮೇಲೇಳಬಹುದು. ಮಳೆಯಲ್ಲಿ ಕಂಬ ಹತ್ತಿ ನಮಗಾಗಿಯೇ ತಂತಿ ಜೋಡಿಸುತ್ತಿರುವ ಲೈನ್‌ಮನ್ ಅದನ್ನು ಮುಟ್ಟುತ್ತಾನೆ. ಲೈಟ್ ಮರಳಿ ಬಂದರೆ ನಿಮ್ಮ ಜನರೇಟರಿನ ಸುರುಳಿಯೂ ಸುಟ್ಟಿತು. ಇನ್ನೊಂದು ತುದಿಯ ಪ್ಲಗ್ಗಿನ ಬರಿ ಪಿನ್ನನ್ನು ಮಗು ಮುಟ್ಟಿದರೆ ಏನಾಗುತ್ತದೆಂದು ಬರೆಯುವುದೇ ಬೇಡ.

ಬೇಕಾದದ್ದು ಚೇಂಜ್‌ಓವರ್ ಸ್ವಿಚ್. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು, ಮೂರು ಫೇಸಿಗೆ ನಾಲ್ಕು ಪೋಲಿನದು. ಫೇಸಿನ ಜೊತೆ ನ್ಯೂಟ್ರಲ್ಲೂ ಬದಲಾಗಬೇಕು. ಮೇಲಕ್ಕೆ ಲೈನ್, ನಡುವೆ ಬಂದ್, ಕೆಳಕ್ಕೆ ಜನರೇಟರ್: ಎರಡೂ ಒಟ್ಟಿಗೆ ಕೂಡುವ ದಾರಿಯೇ ಅದರಲ್ಲಿಲ್ಲ. ಜನರೇಟರಿನಿಂದ ಬರುವ ಕೇಬಲ್ 4 ಚದರ ಮಿಮೀ ತಾಮ್ರದ್ದಿರಲಿ. ಸಣ್ಣ ವೈರಿನಲ್ಲಿ 20 ಅಡಿ ದೂರಕ್ಕೇ ವೋಲ್ಟೇಜ್ ಕುಸಿದು ಫ್ರಿಜ್ಜಿನ ಕಂಪ್ರೆಸರ್ ನರಳುತ್ತದೆ.

ಎಲೆಕ್ಟ್ರಿಷಿಯನ್ ಬಂದಾಗ ಇನ್ನೆರಡು ಕೆಲಸ ಹೇಳಿ. ಒಂದು ಅರ್ಥಿಂಗ್. ನಮ್ಮದು ಎರಿ ಭೂಮಿ. ಮಳೆಗಾಲದಲ್ಲಿ ಒಳ್ಳೆಯ ಅರ್ಥ್ ಕೊಡುತ್ತದೆ, ಬೇಸಿಗೆಯಲ್ಲಿ ಅಂಗೈಯಗಲ ಬಿರಿದು ಪೈಪಿನ ಸುತ್ತ ಗಾಳಿಯಷ್ಟೇ ಉಳಿಯುತ್ತದೆ. ಲೈಟ್ ಹೆಚ್ಚು ಹೋಗುವುದೂ ಆಗಲೇ. ಮಾರ್ಚ್ ಬಂತೆಂದರೆ ವಾರಕ್ಕೊಂದು ಕೊಡ ನೀರು ಅರ್ಥಿಂಗ್ ಗುಂಡಿಗೆ ಹಾಕಿ. ಎರಡನೆಯದು ಆರ್‌ಸಿಸಿಬಿ, ಎಂದರೆ ಕರೆಂಟ್ ಮೈಗೋ ನೆಲಕ್ಕೋ ಸೋರಿದಾಗ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ಯಾವುದಕ್ಕೂ ಕಟ್ಟದೆ ತೇಲುತ್ತಿರುವುದೇ ಹೆಚ್ಚು. ಹಾಗಿದ್ದರೆ ಶಾಕ್ ಹೊಡೆದರೂ ಆರ್‌ಸಿಸಿಬಿ ಬೀಳುವುದಿಲ್ಲ. ಜನರೇಟರ್ ಬಳಿಯೇ ನ್ಯೂಟ್ರಲ್ಲನ್ನು ಅರ್ಥಿಗೆ ಕಟ್ಟಬೇಕು. ಇದನ್ನು ಬಲ್ಲವರೇ ಮಾಡಲಿ, ಆಮೇಲೆ ಆರ್‌ಸಿಸಿಬಿ ಬೀಳುವುದನ್ನು ಟೆಸ್ಟರ್ ಹಚ್ಚಿ ನಿಮ್ಮ ಕಣ್ಣೆದುರೇ ತೋರಿಸಲಿ; ಟೆಸ್ಟ್ ಗುಂಡಿಯೊಂದನ್ನೇ ನಂಬಬೇಡಿ, ನ್ಯೂಟ್ರಲ್ ಕಟ್ಟದಿದ್ದರೂ ಅದು ಬೀಳಿಸುತ್ತದೆ.

ಇನ್ವರ್ಟರ್ ಜನರೇಟರಿನ ಕರೆಂಟನ್ನು ಒಪ್ಪದೆ ಬ್ಯಾಟರಿಯ ಮೇಲೇ ಉಳಿದರೆ, ಅದರ ಹಿಂದಿನ ಚಿಕ್ಕ ಸ್ವಿಚ್ಚನ್ನು ಯುಪಿಎಸ್‌ನಿಂದ ನಾರ್ಮಲ್‌ಗೆ ತಿರುಗಿಸಿ. ಯುಪಿಎಸ್ ಮೋಡಿಗೆ ಮಡಿ ಜಾಸ್ತಿ.

ಗ್ಯಾಸಿಗೆ ಬದಲಿಸುವುದು

 ನಮ್ಮ ಸಿಲಿಂಡರಿನ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಆವಿಯಾಗುತ್ತದೆ, ಬ್ಯುಟೇನ್ ಸೊನ್ನೆಯ ಹತ್ತಿರ. ಆದ್ದರಿಂದ ಸಿಲಿಂಡರಿನಿಂದ ಪ್ರೊಪೇನ್ ಮುಂಚೆ ಜಾರಿ, ಕೊನೆಯ ಕಾಲು ಭಾಗದಲ್ಲಿ ಬ್ಯುಟೇನ್ ಜಾಸ್ತಿ ಉಳಿಯುತ್ತದೆ. ಡಿಸೆಂಬರಿನ ಬೆಳಿಗ್ಗೆ, ಅದರಲ್ಲೂ ಬೆಳಗಾವಿ, ಖಾನಾಪುರದ ಕಡೆ, ತಳ ಕಂಡ ಸಿಲಿಂಡರಿನ ಮೇಲೆ ಎಂಜಿನ್ ಏದುಸಿರು ಬಿಡುವುದು ಇದಕ್ಕೇ. ಗ್ಯಾಸ್ ಆವಿಯಾಗುತ್ತಾ ಸಿಲಿಂಡರ್ ನಲ್ಲಿ ನೀರಿಗಿಂತಲೂ ತಣ್ಣಗಾಗುತ್ತದೆ, ಅದನ್ನು ಟಬ್ಬಿನಲ್ಲಿ ತಣ್ಣೀರಿಗೆ ನಿಲ್ಲಿಸಿದರೂ ಸಾಕಾಗುತ್ತದೆ. ಬಿಸಿನೀರು, ಬೆಂಕಿ ಹತ್ತಿರಕ್ಕೂ ಬೇಡ.

ಯಾವ ಸಿಲಿಂಡರ್? ಅಡುಗೆಯ 14.2 ಕೆಜಿಯದಲ್ಲ. 2000ದ ಎಲ್‌ಪಿಜಿ ಆದೇಶದ ಪ್ರಕಾರ ಗೃಹಬಳಕೆಯ ಸಿಲಿಂಡರನ್ನು ಅಡುಗೆ ಬಿಟ್ಟು ಬೇರೆಯದಕ್ಕೆ ಬಳಸುವುದು ಅಪರಾಧ. 19 ಕೆಜಿಯ ವಾಣಿಜ್ಯ ಸಿಲಿಂಡರ್ ಅಥವಾ ಗುರುತಿನ ಚೀಟಿ ತೋರಿಸಿ ಕೊಳ್ಳುವ 5 ಕೆಜಿಯದು ಬಳಸಿ. ಅಂದಾಜಿಗೆ, 1 ಕಿಲೋವ್ಯಾಟ್ ಭಾರಕ್ಕೆ ತಾಸಿಗೆ ಅರ್ಧ ಕೆಜಿ ಗ್ಯಾಸ್. 19 ಕೆಜಿಗೆ 38 ತಾಸು. ಬಹುಶಃ ನಿಮ್ಮ ಇಡೀ ವರ್ಷ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಕ ಮಾಡಿ: ಖಾಲಿ ತೂಕ ಸಿಲಿಂಡರಿನ ಮೇಲೇ ಬರೆದಿರುತ್ತದೆ.

ಪರಿವರ್ತನೆಯ ಕಿಟ್‌ನಲ್ಲಿ ಮುಖ್ಯವಾದವು ಎರಡು. ಕಾರ್ಬುರೇಟರ್ ಮತ್ತು ಏರ್ ಫಿಲ್ಟರಿನ ನಡುವೆ ಕೂರುವ ಮಿಕ್ಸರ್ ಬಳೆ. ಎಂಜಿನ್ ಗಾಳಿ ಎಳೆದಾಗ ಮಾತ್ರ ತೆರೆಯುವ ಡಿಮ್ಯಾಂಡ್ ರೆಗ್ಯುಲೇಟರ್. ಈ ಎರಡನೆಯದು ಇಲ್ಲದ "ಜುಗಾಡ್" ಕಿಟ್ಟುಗಳೂ ಸಿಗುತ್ತವೆ: ಬರಿ ಪೈಪು, ಒಂದು ನಲ್ಲಿ. ಅದರಲ್ಲಿ ಎಂಜಿನ್ ನಿಂತರೂ ಗ್ಯಾಸ್ ಹರಿಯುತ್ತಲೇ ಇರುತ್ತದೆ. ಪುಕ್ಕಟೆ ಕೊಟ್ಟರೂ ಬೇಡ. ವಾರಂಟಿ ಇರುವ ಹೊಸ ಯಂತ್ರವನ್ನು ಬಿಚ್ಚುವುದಕ್ಕಿಂತ ಎರಡೂ ಇಂಧನಕ್ಕೆ ಕಾರ್ಖಾನೆಯಲ್ಲೇ ಸಿದ್ಧವಾದದ್ದನ್ನು ಕೊಳ್ಳುವುದು ಮೇಲು.

ಕೆಲಸದ ಕ್ರಮ ಹೀಗೆ. ಗ್ಯಾಸ್ ಬಲ್ಲ ಮೆಕ್ಯಾನಿಕ್ ಮಾಡಲಿ, ನೀವು ಪಕ್ಕದಲ್ಲಿ ನಿಂತು ನೋಡಿ.

1. ಮೊದಲು ಎಂಜಿನ್ ಪೆಟ್ರೋಲಿನ ಮೇಲೆ ಚೆನ್ನಾಗಿ ಓಡಬೇಕು. ಜಡ್ಡು ಬಿದ್ದ ಎಂಜಿನ್ ಗ್ಯಾಸಿನಿಂದ ಗುಣವಾಗುವುದಿಲ್ಲ. ಎಣ್ಣೆ ಬದಲಿಸಿ, ವಾಲ್ವಿನ ಸಂದು ಕೈಪಿಡಿಯ ಅಳತೆಗೆ ಇದೆಯೇ ನೋಡಿ. ಸ್ಪಾರ್ಕ್ ಪ್ಲಗ್ಗಿನ ಅಂತರ ಪೆಟ್ರೋಲಿಗೆ 0.7–0.8 ಮಿಮೀ ಇರುತ್ತದೆ. ಗ್ಯಾಸಿಗೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು, ಅದಕ್ಕೆ 0.7ರ ಕಡೆಗೇ ಇಡಿ.

2. ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಕಾರ್ಬುರೇಟರಿನ ಬಟ್ಟಲ ಕೆಳಗಿನ ತಿರುಪು ಬಿಚ್ಚಿ ಉಳಿದ ಹನಿಯನ್ನೂ ಇಳಿಸಿ.

3. ಏರ್ ಫಿಲ್ಟರ್ ಡಬ್ಬಿ ತೆಗೆದು, ಮಿಕ್ಸರ್ ಬಳೆ ಕೂರಿಸಿ, ಉದ್ದನೆಯ ಸ್ಟಡ್ ಹಾಕಿ ಮತ್ತೆ ಡಬ್ಬಿ ಬಿಗಿಯಿರಿ. ಎರಡೂ ಕಡೆ ಗ್ಯಾಸ್ಕೆಟ್ ಇರಲೇಬೇಕು. ಸಂದಿನಲ್ಲಿ ಗಾಳಿ ನುಸುಳಿದರೆ ಎಂಜಿನ್ ಏರಿಳಿಯುತ್ತದೆ, ಕಾರಣ ಹುಡುಕಿ ಸಾಕಾಗುತ್ತದೆ.

4. ಡಿಮ್ಯಾಂಡ್ ರೆಗ್ಯುಲೇಟರನ್ನು ಚೌಕಟ್ಟಿಗೆ ನೆಟ್ಟಗೆ ಕಟ್ಟಿ. ಒಳಗಿನ ಪರದೆ ಸೂಕ್ಷ್ಮ, ಮಲಗಿಸಿದರೆ ಹದ ತಪ್ಪುತ್ತದೆ. ಸೈಲೆನ್ಸರಿನಿಂದ ದೂರ, ನಡುವೆ ರಬ್ಬರ್ ತುಂಡು.

5. ಸಿಲಿಂಡರಿನ ಬಾಯಿಗೆ ಸುಮಾರು 30 ಮಿಲಿಬಾರ್ ಕೊಡುವ ಕಡಿಮೆ ಒತ್ತಡದ ರೆಗ್ಯುಲೇಟರ್. ಹೋಟೆಲ್ ಭಟ್ಟಿಯ ಹೆಚ್ಚಿನ ಒತ್ತಡದ್ದು ಹಾಕಿದರೆ ಪರದೆ ಹರಿಯುತ್ತದೆ. ಅಲ್ಲಿಂದ ಉಕ್ಕಿನ ತಂತಿಯಿರುವ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್, ನಡುವೆ ಒಂದು ಬಾಲ್ ವಾಲ್ವ್. ಸಿಲಿಂಡರ್ ಯಂತ್ರದಿಂದ 3 ಮೀಟರ್ ದೂರ, ಸದಾ ನಿಂತೇ ಇರಬೇಕು. ಮಲಗಿಸಿದರೆ ಆವಿಯ ಬದಲು ದ್ರವ ಬರುತ್ತದೆ.

6. ಎಂಜಿನ್ ಬಂದ್ ಇರುವಾಗ ಸಿಲಿಂಡರ್ ತೆರೆದು, ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿಯಿಂದ ಪರೀಕ್ಷಿಸುವ ಧೀರರನ್ನು ಹತ್ತಿರ ಬಿಡಬೇಡಿ.

7. ಡಿಮ್ಯಾಂಡ್ ರೆಗ್ಯುಲೇಟರಿನ ಪ್ರೈಮರ್ ಗುಂಡಿಯನ್ನು ಒಂದೆರಡು ಸೆಕೆಂಡಷ್ಟೇ ಒತ್ತಿ ಹಗ್ಗ ಎಳೆಯಿರಿ. ಹೆಚ್ಚು ಒತ್ತಿದರೆ ಗ್ಯಾಸ್ ತುಂಬಿಕೊಂಡು ಹಠ ಹಿಡಿಯುತ್ತದೆ. ಆಗ ಗುಂಡಿ ಬಿಟ್ಟು ನಾಲ್ಕು ಸಲ ಖಾಲಿ ಎಳೆಯಿರಿ.

8. ಐದು ನಿಮಿಷ ಬಿಸಿಯಾದ ಮೇಲೆ ಹದ ಮಾಡುವುದು. 1,000 ವ್ಯಾಟ್ ಇಸ್ತ್ರಿ ಪೆಟ್ಟಿಗೆ ಒಳ್ಳೆಯ ಪರೀಕ್ಷಾ ಭಾರ. ಭಾರ ಹಾಕಿ, ಗ್ಯಾಸಿನ ಹದ ತಿರುಪನ್ನು ನಿಧಾನ ಮುಚ್ಚುತ್ತಾ ಬನ್ನಿ. ಎಂಜಿನ್ ತಡವರಿಸಿದ ಕಡೆ ನಿಲ್ಲಿಸಿ, ಮತ್ತೆ ಮೆದುವಾಗಿ ಓಡುವವರೆಗೆ ತೆರೆಯಿರಿ, ಅದರ ಮೇಲೆ ಇನ್ನೂ ಚೂರು. ಗ್ಯಾಸ್ ಉಳಿಸಲೆಂದು ಬಿಗಿಯಾಗಿಟ್ಟರೆ ಎಂಜಿನಿನ ಸಿಲಿಂಡರ್ ಹೆಡ್ ಕಾಯ್ದು ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

9. ಮಲ್ಟಿಮೀಟರ್ ಹಿಡಿಯಿರಿ. 230 ವೋಲ್ಟ್ ಸುತ್ತ, ಖಾಲಿ ಇರುವಾಗ 51–52 ಹರ್ಟ್ಸ್, ಭಾರದಲ್ಲಿ 50ರ ಹತ್ತಿರ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ 50 ಹರ್ಟ್ಸ್.

ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೆ ಹಾರುವುದಿಲ್ಲ, ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಹಳೆಯ ಮನೆಗಳ ಅಂಗಳದಲ್ಲಿ ಜೋಳ ತುಂಬುತ್ತಿದ್ದ ಹಗೇವು ಈಗಲೂ ಇವೆ, ಮೇಲೊಂದು ಕಲ್ಲು ಮುಚ್ಚಿರುತ್ತದೆ. ನೆಲದ ಟಾಕಿ, ಗಟಾರು ಇದ್ದೇ ಇರುತ್ತವೆ. ಸಿಲಿಂಡರ್ ಇಡುವ ಮುನ್ನ ಅವೆಲ್ಲಿವೆ ಎಂದು ಹಿರಿಯರನ್ನು ಕೇಳಿ, ದೂರ ಇಡಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಸಿಲಿಂಡರ್ ಬಂದ್ ಮಾಡಿ, ಎಲ್‌ಪಿಜಿ ತುರ್ತು ಸಹಾಯವಾಣಿ 1906ಕ್ಕೆ ಫೋನನ್ನು ಹೊರಗೆ ಹೋಗಿ ಮಾಡಿ.

ಲೈಟ್ ಹೋದ ರಾತ್ರಿ

ಮೊದಲು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು. ಆಮೇಲೆ ಹತ್ತು ನಿಮಿಷ ಕಾಯಿರಿ, ಎಷ್ಟೋ ಸಲ ಅಷ್ಟರಲ್ಲಿ ಬಂದಿರುತ್ತದೆ. ಬರದಿದ್ದರೆ ಚೇಂಜ್‌ಓವರನ್ನು ನಡುವಿಗೆ ತನ್ನಿ. ಎಣ್ಣೆಯ ಕಡ್ಡಿ ನೋಡಿ. ಭಾರವಿಲ್ಲದೆ ಶುರು ಮಾಡಿ, ಮೂರು ನಿಮಿಷ ಬಿಡಿ, ಸ್ವಿಚ್ಚನ್ನು ಜನರೇಟರಿಗೆ ಹಾಕಿ. ಫ್ರಿಜ್ ಮೊದಲು, ಅದು ನೆಲೆನಿಂತ ಮೇಲೆ ಫ್ಯಾನ್, ಕೊನೆಗೆ ಇನ್ವರ್ಟರ್. ಮುಗಿದಾಗ ಉಲ್ಟಾ: ಭಾರ ಇಳಿಸಿ, ಎರಡು ಮೂರು ನಿಮಿಷ ಖಾಲಿ ಓಡಿಸಿ, ಸಿಲಿಂಡರ್ ಮುಚ್ಚಿ, ಪೈಪಿನ ಗ್ಯಾಸ್ ತೀರಿ ತಾನೇ ನಿಲ್ಲಲಿ. ಪೆಟ್ರೋಲ್ ಬಳಸುವವರು ಓಡುತ್ತಿರುವಾಗ ಟ್ಯಾಂಕ್ ತುಂಬಬೇಡಿ. ಬಿಸಿ ಸೈಲೆನ್ಸರಿನ ಮೇಲೆ ಒಂದು ಹನಿ ಸಾಕು.

ಅಮಾಸಿಯ ಕೆಲಸ

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ರೂಢಿ. ಅದೇ ದಿನ ಜನರೇಟರಿಗೂ ಒಂದು ಲಿಂಬೆಹಣ್ಣು, ಜೊತೆಗೆ 20 ನಿಮಿಷದ ಓಟ. ಬರಿ ಓಟವಲ್ಲ, ಅರ್ಧ ಭಾರ ಹಾಕಿ. ತಿಂಗಳ ಲೆಕ್ಕ ಇಡಲು ಇದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ. ಓಡಿದ ತಾಸನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ.

ಹೊಸ ಎಂಜಿನಿನ ಎಣ್ಣೆ ಮೊದಲ 20 ತಾಸಿಗೆ ಬದಲಿಸಿ, ಆಮೇಲೆ 100 ತಾಸಿಗೋ ಆರು ತಿಂಗಳಿಗೋ, ಯಾವುದು ಮೊದಲೋ ಅದಕ್ಕೆ. ಗ್ಯಾಸಿನಲ್ಲಿ ಎಣ್ಣೆ ಕಪ್ಪಾಗುವುದಿಲ್ಲ, ಹಾಗೆಂದು ಬಿಡಬೇಡಿ. ಏರ್ ಫಿಲ್ಟರಿಗೆ ಕೈಪಿಡಿ 50 ತಾಸು ಎನ್ನುತ್ತದೆ. ಅದನ್ನು ಬರೆದವರು ಸುಗ್ಗಿಯಲ್ಲಿ ಜೋಳ ರಾಶಿ ಮಾಡುವ ಊರಿನ ಧೂಳು ನೋಡಿರಲಿಕ್ಕಿಲ್ಲ. ಇಲ್ಲಿ 25 ತಾಸಿಗೆ ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಎರಡು ಹನಿ ಎಂಜಿನ್ ಎಣ್ಣೆ ಹಚ್ಚಿ ಹಿಂಡಿ ಹಾಕಿ. ವಾಲ್ವಿನ ಸಂದು 300 ತಾಸಿಗೊಮ್ಮೆ. ಗ್ಯಾಸಿನವರು 150ಕ್ಕೇ ನೋಡಿಸಿ, ಒಣ ಇಂಧನಕ್ಕೆ ವಾಲ್ವಿನ ಪೀಠ ಬೇಗ ಸವೆಯುತ್ತದೆ. ಸುರಕ್ಷಾ ಹೋಸಿನ ಆಯುಷ್ಯ 5 ವರ್ಷ, ತಾರೀಖು ಅದರ ಮೇಲೇ ಇರುತ್ತದೆ.

ಪೆಟ್ರೋಲಿನ ಮೇಲೇ ಉಳಿಯುವವರಿಗೆ ಒಂದು ಮಾತು. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಮುಧೋಳ, ಜಮಖಂಡಿ, ಗೋಕಾಕದ ಕಡೆಯ ಕಬ್ಬಿಗೂ ಅದರಲ್ಲಿ ಪಾಲಿದೆ. ಎಥೆನಾಲ್ ಗಾಳಿಯ ತೇವ ಹೀರಿ, ನೀರಾಗಿ ಬೇರ್ಪಟ್ಟು ಬಟ್ಟಲ ತಳ ಸೇರುತ್ತದೆ. ಬಳಸಿದ ಮೇಲೆ ಕಾಕ್ ಮುಚ್ಚಿ ಬಟ್ಟಲು ಖಾಲಿ ಮಾಡಿ. ಟ್ಯಾಂಕಿನದನ್ನು ಎರಡು ತಿಂಗಳಿಗೆ ಬೈಕಿಗೆ ಸುರಿದು ಹೊಸದು ತನ್ನಿ. ಪರವಾನಗಿ ಇಲ್ಲದೆ 30 ಲೀಟರಿಗಿಂತ ಹೆಚ್ಚು ಪೆಟ್ರೋಲ್ ಮನೆಯಲ್ಲಿ ಕೂಡಿಡುವಂತಿಲ್ಲ. ಡೀಸೆಲ್ ಸೆಟ್ ಇದ್ದವರು ಎರಡು ಬಲ್ಬಿಗಾಗಿ ಅದನ್ನು ಓಡಿಸಬೇಡಿ. ಶೇ. 30ಕ್ಕಿಂತ ಕಡಿಮೆ ಭಾರದಲ್ಲಿ ಸುಡದ ಡೀಸೆಲ್ ಸೈಲೆನ್ಸರಿನಲ್ಲಿ ಮಸಿಯ ಕೆಸರಾಗಿ ಕೂರುತ್ತದೆ.

ಕೈಕೊಟ್ಟಾಗ

ಶುರುವಾಗದಿದ್ದರೆ ಮೊದಲು ಎಣ್ಣೆ ನೋಡಿ, ಕಾರ್ಬುರೇಟರ್ ಆಮೇಲೆ. ಎಣ್ಣೆ ಕಡಿಮೆಯಾದರೆ ಸೆನ್ಸರ್ ಕಿಡಿಯನ್ನೇ ಕತ್ತರಿಸುತ್ತದೆ. ಇಳಿಜಾರಿನ ನೆಲದಲ್ಲಿಟ್ಟರೂ ಹಾಗೇ. ಎಂಜಿನ್ ಓಡುತ್ತಿದೆ, ಕರೆಂಟ್ ಮಾತ್ರ ಸೊನ್ನೆ ಎಂದರೆ ಮೊದಲು ಅದರ ಬ್ರೇಕರ್ ಬಿದ್ದಿದೆಯೇ ನೋಡಿ. ಬಿದ್ದಿಲ್ಲವಾದರೆ ವೋಲ್ಟೇಜ್ ಹದದಲ್ಲಿಡುವ ಎವಿಆರ್ ಸುಟ್ಟಿರಬಹುದು, ಇಲ್ಲವೇ ಬಹಳ ದಿನ ಕೂತು ರೋಟರಿನ ಉಳಿದ ಅಯಸ್ಕಾಂತ ಶಕ್ತಿ ಆರಿರಬಹುದು. ಎರಡನೆಯದಾದರೆ ಬಲ್ಲ ಎಲೆಕ್ಟ್ರಿಷಿಯನ್ 12 ವೋಲ್ಟ್ ಬ್ಯಾಟರಿಯಿಂದ ಒಂದು ಕ್ಷಣ ಎಬ್ಬಿಸುತ್ತಾನೆ. ಎಂಜಿನ್ ಭಾರದಲ್ಲಿ ಮಾತ್ರ ಸಾಯುತ್ತಿದ್ದರೆ ಗ್ಯಾಸ್ ಸಾಲುತ್ತಿಲ್ಲ: ಹೋಸ್ ಮಡಚಿದೆಯೇ, ಸಿಲಿಂಡರಿಗೆ ಹಿಮ ಹಿಡಿದಿದೆಯೇ ನೋಡಿ.

ಹೋದ ವರ್ಷ ನಮ್ಮದು ಶುರುವಾಗಿ ಎರಡೇ ನಿಮಿಷಕ್ಕೆ ನಿಲ್ಲುತ್ತಿತ್ತು. ಎಣ್ಣೆ, ಪ್ಲಗ್, ಗ್ಯಾಸ್ ಎಲ್ಲ ಸರಿ. ಎರಡು ಅಮಾಸಿ ನಾನು ಊರಲ್ಲಿರಲಿಲ್ಲ, ಅಷ್ಟರಲ್ಲಿ ಸೈಲೆನ್ಸರಿನೊಳಗೆ ಇಲಿಯೊಂದು ಜೋಳದ ರವದಿ ಒಟ್ಟಿ ಸಂಸಾರ ಹೂಡಿತ್ತು. ಈಗ ಕೊಳವೆಯ ಬಾಯಿಗೆ ಸ್ಟೀಲಿನ ಚಹಾ ಜರಡಿಯೊಂದನ್ನು ಮುಚ್ಚಳದ ಹಾಗೆ ಕಟ್ಟಿಡುತ್ತೇನೆ. ಓಡಿಸುವ ಮುಂಚೆ ಅದನ್ನು ಬಿಚ್ಚುವುದು ನೆನಪಿರಲೆಂದು ಅದರ ದಾರದ ಇನ್ನೊಂದು ತುದಿಯನ್ನು ಹಗ್ಗದ ಹಿಡಿಕೆಗೇ ಗಂಟು ಹಾಕಿದ್ದೇನೆ.